ಆರುವ ತನಕ

ಅವಳಿಗೆ ಇಣುಕಮ್ಮ ಎಂದು ಹೆಸರಿಟ್ಟವನು ಬಣ್ಣದಣ್ಣ. ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆ ಬಟ್ಟಲುಗಳನ್ನು ಮೆರುಗಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಕೆಲಸ ಅವನದು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಉದ್ದನೆಯ ಶೆಡ್ಡು, ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತ ಚಕ್ರಗಳು, ಗೋಡೆಯುದ್ದಕ್ಕೂ ಹಸಿ ಪಾತ್ರೆ ಒಣಗಿಸುವ ಹಲಗೆಗಳು, ಹಿತ್ತಲ ಬದಿಯಲ್ಲಿ ಒಂದು ಭಟ್ಟಿ. ಬಣ್ಣದಣ್ಣ ತೊಟ್ಟಿಗೆ ಮುಚ್ಚಳ ಹಾಕಿ ಆ ಕಡೆ ತಿರುಗಿದರೆ ಸಾಕು, ಚಕ್ರದ ಮುಂದೆ ಕೆಲಸ ಮಾಡುವ ಅವಳು ಬಂದು ಎತ್ತಿ ನೋಡುತ್ತಿದ್ದಳು. ಒದ್ದೆ ಬಟ್ಟೆ ಸುತ್ತಿಟ್ಟ ಮಣ್ಣಿನ ಮುದ್ದೆಯನ್ನು ಬಿಚ್ಚಿ ನೋಡುತ್ತಿದ್ದಳು. ಬೇರೆಯವರ ಊಟದ ಡಬ್ಬಿಯನ್ನೂ ಬಿಟ್ಟವಳಲ್ಲ.

"ಇವಳನ್ನ ಪೆಟ್ಟಿಗೇಲಿಟ್ಟು ಮೊಳೆ ಹೊಡೆದ್ರೂ, ಯಾರ್ಯಾರು ನಿಜವಾಗಿ ಅಳ್ತಿದಾರೆ ಅಂತ ಒಳಗಿಂದ ಒಂದ್ಸಲ ಇಣುಕಿ ನೋಡೇ ಮಣ್ಣಿಗಿಳೀತಾಳೆ" ಎಂದು ಅವನು ಒಂದು ದಿನ ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಿರುವಾಗಲೇ ಅವಳ ಕಣ್ಣು ಭಟ್ಟಿಯ ಕಡೆ ಹೋಗಿ ಅಲ್ಲೇ ನಿಂತಿತು.

ಆ ಭಟ್ಟಿಗೆ ಕಬ್ಬಿಣದ ಬಾಗಿಲಿರಲಿಲ್ಲ. ಒಳಗೆ ಪಾತ್ರೆ ಜೋಡಿಸಿದ ಮೇಲೆ ಬಾಗಿಲ ಜಾಗಕ್ಕೆ ಇಟ್ಟಿಗೆಯನ್ನು ಒಂದರ ಮೇಲೊಂದು ಪೇರಿಸಿ, ಸಂದಿಗೆಲ್ಲ ಒದ್ದೆ ಮಣ್ಣು ಮೆತ್ತಬೇಕು. ಕಣ್ಣಿನ ಮಟ್ಟದಲ್ಲಿ ಒಂದೇ ಒಂದು ಇಟ್ಟಿಗೆ ಹೊರಕ್ಕೆ ಮೂತಿ ಚಾಚಿರುತ್ತದೆ. ಭಟ್ಟಿ ಬಿಚ್ಚುವ ದಿನ ಕೈ ಹಾಕಿ ಎಳೆಯುವುದು ಅದನ್ನೇ ಮೊದಲು. ಅದಕ್ಕೆ ತಲೆ ಇಟ್ಟಿಗೆ ಅನ್ನುತ್ತಿದ್ದರು. ಉರಿ ಹೇಗಿದೆ ಎಂದು ನೋಡಲು ಪಕ್ಕದ ಗೋಡೆಯಲ್ಲಿ ಬೆರಳಗಲದ ತೂತಿತ್ತು, ನಿಜ. ಆದರೆ ಉರಿ ನಿಲ್ಲಿಸಿ ಒಳಗಿನ ಕೆಂಪು ಇಳಿಯಿತೆಂದರೆ ಅಲ್ಲಿ ಕತ್ತಲೆಯ ಹೊರತು ಬೇರೇನೂ ಕಾಣದು. ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಬೆಂಕಿಯಲ್ಲಿ ಒಡೆಯದೆ ಉಳಿದ ಪಾತ್ರೆಯೂ ಆರುವಾಗ ತಣ್ಣನೆ ಗಾಳಿ ತಾಗಿದರೆ ಸೀಳಿಬಿಡುತ್ತದೆ.

"ಬೇಯೋ ತನಕ ಕಾದವರಿಗೆ ಆರೋ ತನಕ ಕಾಯೋಕಾಗಲ್ವಾ?" ಎಂದು ಯಜಮಾನಿ ಹೊಸಬರಿಗೆಲ್ಲ ಹೇಳುತ್ತಿದ್ದರು. ಊಟದ ಮನೆಯ ಗಾದೆ ಅಲ್ಲಿ ಕಾರ್ಖಾನೆಯ ಕಾನೂನಾಗಿತ್ತು.

ಇಣುಕಮ್ಮನಿಂದ ಆಗುತ್ತಿರಲಿಲ್ಲ. ಯಜಮಾನಿಯ ಕಣ್ಣಿಗೆ ಪೊರೆ ಬಂದು ಭಟ್ಟಿಯ ಹೊಣೆ ಇವಳ ಕೈಗೆ ಬಂದ ಮೇಲೆ, ಎಲ್ಲರೂ ಮನೆಗೆ ಹೋದ ಸಂಜೆ, ಮೊಣಕೈವರೆಗೆ ದಪ್ಪ ಚರ್ಮದ ಗವಸು ಹಾಕಿಕೊಂಡು ಅವಳು ತಲೆ ಇಟ್ಟಿಗೆಯನ್ನು ಎಳೆದಿದ್ದಳು. ಚೂರೇ ಚೂರು. ನೋಡಿ ಮುಚ್ಚಿಬಿಡೋಣ ಎಂದು. ಬಿಸಿ ಮುಖಕ್ಕೆ ರಾಚಿತು. ಆಮೇಲೆ ಒಳಗಿನಿಂದ ಒಂದು ಸದ್ದು ಬಂತು: ಟಿಣ್. ಗಾಜಿನ ಬಳೆಯನ್ನು ಕಲ್ಲಿಗೆ ತಾಗಿಸಿದ ಹಾಗೆ. ಒಂದು ಕ್ಷಣ ಬಿಟ್ಟು ಇನ್ನೊಂದು. ಅವಳು ಇಟ್ಟಿಗೆಯನ್ನು ಒಳಕ್ಕೆ ತಳ್ಳಿ, ಸುತ್ತ ಹೊಸ ಮಣ್ಣು ಮೆತ್ತಿ, ಕೈ ತೊಳೆದು ಮನೆಗೆ ಹೋದಳು. ಭಟ್ಟಿ ಬಿಚ್ಚಿದಾಗ ಅಗಲದ ತಟ್ಟೆಗಳೆಲ್ಲ ಅಂಚಿನಿಂದ ನಡುವಿನವರೆಗೆ ಸೀಳಿದ್ದವು. ಗ್ಯಾಸಿನ ಒತ್ತಡ ಸರಿಯಿರಲಿಲ್ಲ ಎಂದಳು. ಮುಂದಿನ ಸಲವೂ ಹಾಗೇ ಮಾಡಿದಳು. ಆಗ ಮಣ್ಣೇ ಸರಿಯಿಲ್ಲ ಎಂದಳು. ಯಜಮಾನಿ ಇಟ್ಟಿಗೆಗಳ ಮೇಲೆ ಕೈಯಾಡಿಸುತ್ತ ಸುಮ್ಮನೆ ನಿಂತಿದ್ದರು.

ಅಂದಿನಿಂದ ಆ ಸದ್ದು ಅವಳ ಬೆನ್ನು ಬಿಡಲಿಲ್ಲ. ಮನೆಯ ಕಪಾಟಿನಲ್ಲಿ ಒಂದರೊಳಗೊಂದು ಕೂತ ಬಟ್ಟಲುಗಳಿಂದ ಬರುತ್ತಿತ್ತು, ಸ್ನಾನದ ಕೋಣೆಯ ಕನ್ನಡಿಯಿಂದ ಬರುತ್ತಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಒಮ್ಮೆ ಕಿವಿಯ ಪಕ್ಕದಲ್ಲೇ ಬಂತು. ತಿರುಗಿ ನೋಡಿದರೆ ಗಾಜು ಗಟ್ಟಿಯಾಗಿ ನಿಂತಿತ್ತು.

ಹೀಗಿರುವಾಗ ಯಜಮಾನಿ ಅವಳನ್ನು ಕರೆದು ಕೂರಿಸಿದರು. ಹೊಸ ಹೋಟೆಲೊಂದು ಅಗಲದ ತಟ್ಟೆ, ದೊಡ್ಡ ಬಟ್ಟಲು ಕೇಳಿತ್ತು. ಒಂದು ಭಟ್ಟಿ ತುಂಬುವಷ್ಟು.

"ಇದನ್ನ ನೀನೊಬ್ಬಳೇ ಸುಡು. ಉಳಿದ್ರೆ ಶೆಡ್ಡಿನ ಬೀಗದಕೈ ನಿನ್ನದು, ನಾನು ಮನೇಲಿ ಕೂರ್ತೀನಿ. ಒಡೆದ್ರೆ ಶೆಡ್ಡು ಮಾರ್ತೀನಿ ಕಣಮ್ಮ. ಈ ಕಣ್ಣಿಟ್ಕೊಂಡು ಇನ್ನು ಎಳೆಯೋಕಾಗಲ್ಲ."

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಇಣುಕಮ್ಮನಿಗೆ ಹೆದರಿಕೆಯಾಯಿತು. ತನ್ನ ಬಗ್ಗೆ ಅವಳಿಗೆ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅದೃಷ್ಟವನ್ನು ಬಯ್ಯುತ್ತಾರೆ. ಇವಳ ತುತ್ತನ್ನು ಯಾರೂ ತಟ್ಟಿ ಬೀಳಿಸಿರಲಿಲ್ಲ. ಇವಳೇ ಕೈ ಕೊಡವಿದ್ದಳು. ಟೀಚರ್ ಕೆಲಸದ ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಿದ್ದವಳು, ಚೆನ್ನಾಗಿ ಆಗುತ್ತಿದೆ ಅನ್ನಿಸಿದ ಕೂಡಲೇ ಎದ್ದು ಹೊರಗೆ ಬಂದಿದ್ದಳು. ಗಂಡ ಒಳ್ಳೆಯವನೇ. ಆದರೆ ದಿನಾ ಸಂಜೆ, ನೀನು ನನ್ನ ಬಿಟ್ಟು ಹೋಗ್ತೀಯ ಅಲ್ವಾ ಎಂದು ಕೇಳಿ ಕೇಳಿ ಅವನನ್ನು ಹಣ್ಣು ಮಾಡಿದಳು. ಒಂದು ಬೆಳಿಗ್ಗೆ ಅವನ ಪೆಟ್ಟಿಗೆಯನ್ನು ತಾನೇ ತುಂಬಿಸಿ, ಅಂಗಿ ಮಡಿಸಿ, ಬಾಗಿಲ ಹತ್ತಿರ ಇಟ್ಟಳು, ಏನು ಮಾಡುತ್ತಾನೋ ನೋಡೋಣ ಎಂದು. ಅವನು ಬಹಳ ಹೊತ್ತು ಪೆಟ್ಟಿಗೆಯನ್ನು ನೋಡಿದ. ಆಮೇಲೆ ಎತ್ತಿಕೊಂಡು ಹೋದ. ನೋಡಿದ್ಯಾ, ಹೋದ, ನಾನು ಹೇಳಿರಲಿಲ್ವಾ ಎಂದು ಅವಳು ತನ್ನನ್ನು ಸಾಕಿದ ಚಿಕ್ಕಮ್ಮನ ಮುಂದೆ ಅತ್ತಳು. ಚಿಕ್ಕಮ್ಮ, ಪೆಟ್ಟಿಗೆ ತುಂಬಿದ್ದು ಯಾರು ಎಂದು ಕೇಳಿದಳು.

ಒಡೆಯುವುದಾದರೆ ನನ್ನ ಕೈಯಿಂದಲೇ ಒಡೆಯಲಿ, ಯಾವಾಗ ಒಡೆಯುತ್ತೋ ಎಂದು ಕಾದು ಕೂರಲಾರೆ. ಇಷ್ಟೇ ಅವಳ ರೋಗ. ಅದರ ಬೇರು ಎಲ್ಲಿದೆ ಎನ್ನುವುದೂ ಅವಳಿಗೆ ಗೊತ್ತಿತ್ತು, ಆ ಕಡೆ ತಿರುಗಿ ನೋಡುತ್ತಿರಲಿಲ್ಲ.

ಅವಳು ಇನ್ನೂ ಲಂಗದ ಹುಡುಗಿಯಾಗಿದ್ದಾಗ ಅಮ್ಮನಿಗೆ ಎರಡನೆಯ ಹೆರಿಗೆ. ಒಳಕೋಣೆಯ ಬಾಗಿಲು ಹಾಕಿದ್ದರು. ತೆಗೀಬೇಡ, ಇಲ್ಲೇ ಕೂತಿರು, ಜಾಣೆ ಅಲ್ವಾ ಎಂದು ಚಿಕ್ಕಮ್ಮ ಹೇಳಿ ಒಳಗೆ ಹೋದಳು. ಚಿಕ್ಕಮ್ಮ ಆಗ ನರ್ಸ್ ಕೆಲಸ ಕಲಿಯುತ್ತಿದ್ದ ಎಳೆಯ ವಯಸ್ಸಿನವಳು. ಹುಡುಗಿ ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಳು. ಬಾಗಿಲ ಕೆಳಗಿನ ಸಂದಿಯಿಂದ ಬಿಸಿ ನೀರಿನ ಹಬೆ, ಡೆಟಾಲಿನ ವಾಸನೆ ಬರುತ್ತಿತ್ತು. ಮೊದಲು ಅಮ್ಮನ ನರಳಾಟ ಕೇಳಿತು, ಆಮೇಲೆ ಪಿಸುಮಾತು, ಆಮೇಲೆ ಅದೂ ಇಲ್ಲ. ಅವಳು ಜಾಣೆಯಾಗಿ ಕೂತೇ ಇದ್ದಳು. ಬಾಗಿಲು ತೆರೆದಾಗ ಅಮ್ಮನ ಮುಖದ ಮೇಲೆ ಬಿಳಿ ಬಟ್ಟೆಯಿತ್ತು, ಮಗುವಿನ ಮೇಲೂ. ಕಾದದ್ದಕ್ಕೆ ಅವಳಿಗೆ ಸಿಕ್ಕಿದ್ದು ಅದು.

ಭಟ್ಟಿಯ ಇಟ್ಟಿಗೆ ಬಾಗಿಲ ಮುಂದೆ ನಿಂತಾಗ ಅವಳಿಗೆ ಬರುತ್ತಿದ್ದದ್ದು ಅದೇ ಹಬೆ. ಒಳಗಿನಿಂದ ಅಮ್ಮ ಕರೆಯುತ್ತಿದ್ದಳು. ಮಗಳೇ, ಬಾಗಿಲು ತೆಗಿ. ಪ್ರತಿ ಸಲವೂ ಕರೆಯುತ್ತಿದ್ದಳು.

ಈಗ ಅವಳಿದ್ದದ್ದು ಚಿಕ್ಕಮ್ಮನ ಜೊತೆಗೇ, ಎರಡು ಕೋಣೆಯ ಮನೆಯಲ್ಲಿ. ಚಿಕ್ಕಮ್ಮ ಮದುವೆಯಾಗಲಿಲ್ಲ. ಅಕ್ಕನ ಮಗಳನ್ನು ಸಾಕಿದಳು, ಆಸ್ಪತ್ರೆಯಲ್ಲಿ ದುಡಿದಳು, ಮಂಡಿ ಸವೆದ ಮೇಲೆ ಮನೆಗೆ ಬಂದಳು. ಅವಳ ಬೆಳಗಿನ ಪ್ರಾರ್ಥನೆಗೆ ಮಾತ್ರ ನಿವೃತ್ತಿ ಇರಲಿಲ್ಲ. ಅಡಿಗೆಮನೆಯ ಕಿಟಕಿಯ ಪಕ್ಕ ಎರಡು ಕುರ್ಚಿ. ಬಟ್ಟೆಯ ಹೊದಿಕೆ ಹಾಕಿದ ವೇದಪುಸ್ತಕ, ಅಂದರೆ ಬೈಬಲ್. ದಾರ ಕಟ್ಟಿದ ಕನ್ನಡಕ. ಒಂದು ಭಾಗ ಓದುವುದು, ಸ್ವಲ್ಪ ಹೊತ್ತು ಮೌನ, ಆಮೇಲೆ ಚಿಕ್ಕಮ್ಮನ ಒಂದೆರಡು ಮಾತಿನ ಪ್ರಾರ್ಥನೆ. ದೇವರ ಹತ್ತಿರ ಅವಳು ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಿದ್ದಳು: ಮರ್ಯಾದೆಯಿಂದ, ಚುಟುಕಾಗಿ, ಆದರೆ ರೋಗಿಯನ್ನು ಬಿಟ್ಟುಕೊಡದೆ.

ಗಂಡ ಹೋದ ಮೇಲೆ ಇಣುಕಮ್ಮ ಆ ಎರಡನೆಯ ಕುರ್ಚಿಯಲ್ಲಿ ಕೂರತೊಡಗಿದ್ದಳು. ಆದರೆ ಅಲ್ಲೂ ಅವಳದು ಅದೇ ಆಟ. ಎದೆ ಬೆಂದ ದಿನ ಓಡಿ ಬಂದು ಕೂತು ಕಣ್ಣೀರಿಡುವಳು. ಎದೆ ತಣ್ಣಗಾಗಿ, ಈಗ ಸರಿಹೋಗುತ್ತಿದ್ದೇನೆ ಅನ್ನಿಸಿದ ಮರುದಿನವೇ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವಳು. ಚಿಕ್ಕಮ್ಮ ಇದನ್ನು ಎಂದೋ ಗುರುತಿಸಿದ್ದಳು.

"ಹಸಿವಾದಾಗ ಮಾತ್ರ ಬರೋಕೆ ಇದೇನು ಹೋಟ್ಲಾ?" ಎಂದಿದ್ದಳು ಒಮ್ಮೆ. "ಮನಸ್ಸು ಬಂದಾಗ ಕೂರೋದಲ್ಲ ಕಣೇ, ಹೊತ್ತು ಬಂದಾಗ ಕೂರೋದು. ನಿನ್ನ ಮನಸ್ಸನ್ನ ನಂಬ್ಕೊಂಡು ಅಂಗಡಿಗೆ ಹಾಲು ತರೋಕೂ ಕಳಿಸೋಕಾಗಲ್ಲ."

ಹೋಟೆಲಿನ ತಟ್ಟೆಗಳನ್ನು ಚಕ್ರದಲ್ಲಿ ತಿರುಗಿಸಿ, ಒಣಗಿಸಿ, ಮೆರುಗು ಹಚ್ಚುವವರೆಗೆ ಇಣುಕಮ್ಮ ಒಂದು ಬೆಳಿಗ್ಗೆಯನ್ನೂ ತಪ್ಪಿಸಲಿಲ್ಲ. ಸುವಾರ್ತೆಯ ಕೊನೆಯ ಅಧ್ಯಾಯಗಳು ನಡೆಯುತ್ತಿದ್ದವು. ಅವಳು ಓದುತ್ತಿದ್ದಳು, ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಕರ್ತನು ಒಬ್ಬನೇ ಬೆವರುತ್ತ ಪ್ರಾರ್ಥಿಸಿದ ಭಾಗ ಬಂದಾಗ, ನನ್ನ ಇಷ್ಟವಲ್ಲ, ತಂದೆಯೇ, ನಿನ್ನ ಇಷ್ಟ ಆಗಲಿ ಎಂದು ಒಬ್ಬ ಮನುಷ್ಯ ಹೇಗೆ ಹೇಳಲು ಸಾಧ್ಯ ಎಂದು ಅವಳಿಗೆ ಅನ್ನಿಸಿತು. ಅವಳ ಇಷ್ಟ ಯಾವತ್ತೂ ಅವಳನ್ನು ಒಳ್ಳೆಯ ಕಡೆಗೆ ಕರೆದುಕೊಂಡು ಹೋಗಿರಲಿಲ್ಲ. ಆದರೂ ಬಿಡಲು ಕೈ ಬರುತ್ತಿರಲಿಲ್ಲ.

ಭಟ್ಟಿ ಹೊತ್ತಿಸಿದಳು. ಉರಿ ಏರಿತು. ತೂತಿನಲ್ಲಿ ಕಣ್ಣಿಟ್ಟರೆ ಒಳಗಿನ ತಟ್ಟೆಗಳು ಬೆಂಕಿಯದೇ ಬಣ್ಣವಾಗಿ ಅಂಚು ಮಾತ್ರ ನಡುಗುತ್ತಿದ್ದವು. ಮೆರುಗು ಕರಗಿ ನೀರಾಗಿ ಹೊಳೆದದ್ದನ್ನು ನೋಡಿ ಗ್ಯಾಸು ನಿಲ್ಲಿಸಿದಳು. ಇಷ್ಟು ಚೆನ್ನಾಗಿ ಅವಳು ಎಂದೂ ಸುಟ್ಟಿರಲಿಲ್ಲ. ಇದಕ್ಕೆ ದೃಷ್ಟಿಯಾಗದಿರಲಿ ಇಣುಕಮ್ಮೋರೆ, ಈಗ ಮನೆಗೆ ಹೋಗಿ ಕಾಲು ಚಾಚಿ ಮಲಗಿ ಎಂದು ಬಣ್ಣದಣ್ಣ ಕೈ ಮುಗಿದ. ಮುಂದಿನ ದಿನ ರಜೆ. ಅದರ ಮರುದಿನ ಬೆಳಿಗ್ಗೆ ಯಜಮಾನಿಯ ಎದುರಿಗೆ ಬಿಚ್ಚುವುದು ಎಂದಾಯಿತು.

ರಜೆಯ ಬೆಳಿಗ್ಗೆ ಅವಳು ಎದ್ದಾಗ ಮನಸ್ಸು ಹಗುರವಾಗಿತ್ತು. ಆ ಹಗುರವೇ ಅವಳನ್ನು ಹೆದರಿಸಿತು. ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಳು. ಕಿಟಕಿಯ ಪಕ್ಕ ಕುರ್ಚಿಗಳು ಎದುರುಬದುರಾಗಿ ಕಾಯುತ್ತಿದ್ದವು. ಇವತ್ತೊಂದು ದಿನ ಪರವಾಗಿಲ್ಲ ಎಂದುಕೊಂಡಳು. ಗ್ಯಾಸಿನ ಕೀಲು ಸರಿಯಾಗಿ ತಿರುಗಿಸಿದೆನೋ ಇಲ್ಲವೋ ನೋಡಿ ಬಂದುಬಿಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಚಪ್ಪಲಿ ಮೆಟ್ಟುವಾಗ ಕಪಾಟಿನೊಳಗಿಂದ ಟಿಣ್ ಎಂದಿತು. ಅವಳು ಬಾಗಿಲೆಳೆದುಕೊಂಡು ಹೊರಟಳು.

ರಜೆಯ ಬೀದಿಯಲ್ಲಿ ಅಂಗಡಿಗಳ ಷಟರು ಇಳಿದಿದ್ದವು. ಭಟ್ಟಿ ನೋಡಿಕೊಳ್ಳಲೆಂದು ಯಜಮಾನಿ ಕೊಟ್ಟಿದ್ದ ಇನ್ನೊಂದು ಬೀಗದಕೈಯಿಂದ ಶೆಡ್ಡಿನ ಬೀಗ ತೆಗೆದು ಒಳಗೆ ಕಾಲಿಟ್ಟಾಗ ತಗಡಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದು ಮಣ್ಣಿನ ಧೂಳು ಅದರಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಚಕ್ರಗಳ ಮೇಲೆ ಹೊದಿಸಿದ ಬಟ್ಟೆಗಳು ತಲೆ ಬಾಗಿಸಿ ಕೂತ ಹೆಂಗಸರಂತೆ ಕಾಣುತ್ತಿದ್ದವು. ಗ್ಯಾಸಿನ ಕೀಲು ಸರಿಯಾಗಿಯೇ ಇತ್ತು. ಅದು ಅವಳಿಗೆ ಮನೆಯಲ್ಲೇ ಗೊತ್ತಿತ್ತು.

ಭಟ್ಟಿ ಇನ್ನೂ ಬಿಸಿಯಾಗಿತ್ತು. ಹತ್ತಿರ ಹೋದಂತೆ ಗಾಳಿ ದಪ್ಪವಾಯಿತು. ಒಳಗೆ ಏನೋ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಇಟ್ಟಿಗೆ ಕುಗ್ಗುವ ಸದ್ದು, ಎಲ್ಲ ಭಟ್ಟಿಗಳೂ ಮಾಡುವ ಸದ್ದು. ಆದರೆ ಅವಳಿಗೆ ಅದರ ಹಿಂದೆ ಉಸಿರಾಟ ಕೇಳಿತು. ಎಳೆದು ಬಿಡುವ, ಮಧ್ಯೆ ತಡೆಯುವ ಉಸಿರು.

ಮಗಳೇ, ಬಾಗಿಲು ತೆಗಿ.

ಅವಳು ಗವಸು ಹಾಕಿಕೊಂಡಳು. ಬೀಗದಕೈ, ಶೆಡ್ಡು, ಯಜಮಾನಿಯ ಮುಖ ಎಲ್ಲವೂ ಕಣ್ಣ ಮುಂದೆ ಬಂದವು. ಅವು ಕೈಯನ್ನು ತಡೆಯಲಿಲ್ಲ. ನಾಳೆ ಬೆಳಿಗ್ಗೆ ಎಲ್ಲರ ಎದುರಿಗೆ ತೆಗೆದು ಒಡೆದದ್ದನ್ನು ನೋಡುವುದಕ್ಕಿಂತ ಈಗಲೇ, ಒಬ್ಬಳೇ ಇರುವಾಗಲೇ, ಗೊತ್ತಾಗಿಬಿಡಲಿ. ತಲೆ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಏ, ಇಲ್ಲೊಂದು ಮೆಟ್ಟಿಲಿದೆ ಅಂತ ಹೇಳೋರು ಯಾರೂ ಇಲ್ವಾ?"

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ಬಟ್ಟೆಯ ಹೊದಿಕೆಯ ಪುಸ್ತಕ, ಕತ್ತಿನಲ್ಲಿ ಕನ್ನಡಕ. ಮುಖ ಬೆವರಿ, ಕೂದಲು ಸ್ನಾನದ ಒದ್ದೆ ಆರದೆ ಕಿವಿಗೆ ಅಂಟಿಕೊಂಡಿತ್ತು. ಮನೆಯಿಂದ ಚರ್ಚಿಗೆ ಹೋಗಲೂ ಆಟೋ ಬೇಕು ಅನ್ನುವವಳು ಅಷ್ಟು ದೂರ ನಡೆದು ಬಂದಿದ್ದಳು.

"ನೀನು ಕುರ್ಚಿಗೆ ಬರಲಿಲ್ಲ. ಅದಕ್ಕೆ ಕುರ್ಚಿಯೇ ಬಂತು" ಎಂದು ಮಣ್ಣಿನ ಚೀಲದ ಮೇಲೆ ಕೂತು ಮಂಡಿ ನೀವಿಕೊಂಡಳು. ಗವಸು ಹಾಕಿದ ಕೈ ಇಟ್ಟಿಗೆಯ ಮೇಲಿರುವುದನ್ನು ಅವಳು ನೋಡಿದಳು. "ಇವತ್ತಿನ ಭಾಗ ಬಾಕಿ ಇದೆ. ಓದು."

ಇಣುಕಮ್ಮ ಗವಸು ತೆಗೆದು ಎದುರಿಗೆ ಕೂತು ಓದಿದಳು. ಕರ್ತನನ್ನು ಶಿಲುಬೆಯಿಂದ ಇಳಿಸಿ, ಬಟ್ಟೆ ಸುತ್ತಿ, ಬಂಡೆಯ ಸಮಾಧಿಯಲ್ಲಿ ಇಟ್ಟು, ಕಲ್ಲು ಮುಚ್ಚಿದ ಭಾಗ. ಹೆಂಗಸರು ಎಲ್ಲಿಟ್ಟರು ಎನ್ನುವುದನ್ನು ನೋಡಿಕೊಂಡು ಮನೆಗೆ ಹೋದರು. ಮರುದಿನ ಸುಮ್ಮನಿದ್ದರು. ಅಷ್ಟೇ ಇತ್ತು. ಆ ದಿನ ಅವರು ಏನು ಮಾಡಿದರು, ಏನು ಮಾತಾಡಿಕೊಂಡರು, ಯಾರು ಅತ್ತರು, ಯಾರು ಅನ್ನ ಮುಟ್ಟಲಿಲ್ಲ, ಯಾವುದನ್ನೂ ಬರೆದಿರಲಿಲ್ಲ. ಅವಳು ಹಾಳೆ ತಿರುಗಿಸಲು ಹೋದಳು. ಚಿಕ್ಕಮ್ಮ ಬೆರಳಿಟ್ಟು ತಡೆದಳು.

"ಅದು ನಾಳೆದು."

ಭಟ್ಟಿ ಟಿಕ್ ಎನ್ನುತ್ತಿತ್ತು. ಇಣುಕಮ್ಮ ಎಷ್ಟೋ ವರ್ಷ ಕೇಳದೆ ಉಳಿಸಿಕೊಂಡಿದ್ದ ಮಾತು ಆ ಸದ್ದಿಗೇ ಎಂಬಂತೆ ಹೊರಬಂತು.

"ಚಿಕ್ಕಮ್ಮ, ಅವತ್ತು ನಾನು ಬಾಗಿಲು ತೆಗೆದಿದ್ರೆ?"

ಯಾವ ಬಾಗಿಲು ಎಂದು ಚಿಕ್ಕಮ್ಮ ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ತೆಗೆದಿದ್ರೆ ಅವಳು ಹೋಗೋದನ್ನ ಕಣ್ಣಾರೆ ನೋಡ್ತಿದ್ದೆ. ಅಷ್ಟೇ ವ್ಯತ್ಯಾಸ."

"ಅವಳು ಕರೀತಿದ್ಲು."

"ಯಾರನ್ನ?"

"ನನ್ನ. ಬಾಗಿಲು ತೆಗಿ ಅಂತ."

"ಇಲ್ಲ" ಎಂದಳು ಚಿಕ್ಕಮ್ಮ. ಆಸ್ಪತ್ರೆಯಲ್ಲಿ ಡಾಕ್ಟರಿಗೇ ತಿದ್ದಿ ಹೇಳುತ್ತಿದ್ದ ದನಿ ಅದು. "ಒಳಗಿದ್ದೋಳು ನಾನು. ಅವಳು ಒಂದೇ ಸಲ ಕೇಳಿದ್ದು, ಮಗು ಹೊರಗಿದಾಳಾ ಅಂತ. ಇದಾಳೆ ಅಕ್ಕ, ಕರೀಲಾ ಅಂದೆ. ಬೇಡ, ಅಲ್ಲೇ ಇರಲಿ, ಅವಳು ಹೊರಗೆ ಕೂತಿದಾಳೆ ಅಂದ್ರೆ ನಂಗೆ ಧೈರ್ಯ ಅಂದ್ಲು. ಆಮೇಲೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ಲು. ಕೊನೇ ತನಕ."

ಇಣುಕಮ್ಮ ತಿರುಗಿ ಇಟ್ಟಿಗೆ ಬಾಗಿಲನ್ನು ನೋಡಿದಳು.

"ನೀನು ಕಾದಿದ್ದಕ್ಕೆ ಅವಳು ಸಾಯಲಿಲ್ಲ ಕಣೇ. ಸಾಯೋಳಿಗೆ ನೀನು ಕಾದಿದ್ದೇ ಆಸರೆ ಆಯ್ತು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಇವಳು ಕೇಳಿದಳು. ಕೋಪ ಬರಬೇಕಿತ್ತು, ಬರಲಿಲ್ಲ. ಅಮ್ಮನ ಹೆಸರೆತ್ತಿದರೆ ನೀನು ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದೆ, ಯಾವಾಗ ಹೇಳಲಿ ಎಂದಳು ಚಿಕ್ಕಮ್ಮ. ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ನೆಲದ ಧೂಳು ಗೀಚಿದಳು.

"ನಾನೂ ಆ ಕೋಣೇಲಿ ಪ್ರಾರ್ಥನೆ ಮಾಡ್ತಾನೇ ಇದ್ದೆ. ಕೇಳಿದ್ದು ಸಿಗಲಿಲ್ಲ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ನಾವಿಬ್ಬರೇ ಇರಲಿಲ್ಲ, ಅದು ಮಾತ್ರ ನಂಗೆ ಗೊತ್ತು. ಹೇಗೆ ಗೊತ್ತು ಅಂತ ಕೇಳಿದ್ರೆ ಹೇಳೋಕೆ ಬರಲ್ಲ. ಅದೊಂದನ್ನ ಹಿಡ್ಕೊಂಡೇ ದಿನಾ ಬೆಳಿಗ್ಗೆ ಎದ್ದು ಕೂರ್ತೀನಿ."

ಆಮೇಲೆ ಅವಳು ಪ್ರಾರ್ಥನೆ ಹೇಳಿದಳು. ಈ ಹುಡುಗಿಯ ಕೈ ನೋಡ್ಕೊಳ್ಳಪ್ಪಾ ಎಂದಷ್ಟೇ. ಐವತ್ತರ ಹೊಸ್ತಿಲಲ್ಲಿದ್ದವಳನ್ನು ಹುಡುಗಿ ಎಂದಳು. ನಡೆದ ಆಯಾಸಕ್ಕೆ, ಭಟ್ಟಿಯ ಬಿಸಿಗೆ, ಚೀಲಗಳ ಮೇಲೆ ಒರಗಿದವಳಿಗೆ ಹಾಗೇ ಕಣ್ಣು ಹತ್ತಿತು. ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಹೊಡೆಯತೊಡಗಿದಳು.

ಈಗ ಇಣುಕಮ್ಮ ಮತ್ತೆ ಒಬ್ಬಳೇ. ಕಷ್ಟ ಶುರುವಾದದ್ದು ಇಲ್ಲಿಂದ. ಚಿಕ್ಕಮ್ಮನ ಮಾತು ಕೇಳಿದ ಕೂಡಲೇ ಎದೆಯ ಭೂತ ಬಿಟ್ಟು ಓಡುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ಭೂತಗಳ ವಿಷಯ ಗೊತ್ತಿಲ್ಲ. ಅದು ಹೋಗಲಿಲ್ಲ. ಬಿಸಿಲಿನ ಕೋಲು ನೆಲದ ಮೇಲೆ ಜರುಗಿ ಭಟ್ಟಿಯ ಬುಡ ಮುಟ್ಟಿತು. ಒಳಗಿನ ಉಸಿರು ಮತ್ತೆ ಕೇಳಿತು. ಮಗಳೇ, ಬಾಗಿಲು ತೆಗಿ.

ಅಮ್ಮ ಹಾಗೆ ಕರೆದಿರಲೇ ಇಲ್ಲ. ಅಮ್ಮ ಬೇಡ ಎಂದಿದ್ದಳು, ಅಲ್ಲೇ ಇರಲಿ ಎಂದಿದ್ದಳು. ಹಾಗಾದರೆ ಇಷ್ಟು ವರ್ಷ ಮುಚ್ಚಿದ ಪ್ರತಿ ಬಾಗಿಲ ಹಿಂದಿನಿಂದ ಕರೆದದ್ದು ಯಾರು? ಪರೀಕ್ಷೆಯ ಕೋಣೆಯಿಂದ ಅವಳನ್ನು ಎಬ್ಬಿಸಿದ್ದು, ಗಂಡನ ಅಂಗಿಗಳನ್ನು ಮಡಿಸಿಸಿದ್ದು, ಅಮ್ಮನ ದನಿಯನ್ನು ಸೀರೆಯಂತೆ ಉಟ್ಟುಕೊಂಡು ಬಂದದ್ದು ಯಾರು?

ಅವಳು ಎದ್ದು ಭಟ್ಟಿಯ ಹತ್ತಿರ ಹೋದಳು. ಗವಸು ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿ ಮೊಳೆಗೆ ತೂಗುಹಾಕಿದಳು. ಇಷ್ಟು ಮಾಡುವುದಕ್ಕೆ ಅವಳಿಗೆ ಮೈಯ ಬಲವೆಲ್ಲ ಬೇಕಾಯಿತು. ಆಮೇಲೆ ಇಟ್ಟಿಗೆ ಬಾಗಿಲ ಪಕ್ಕದ ಗೋಡೆಗೆ ಒರಗಿ, ಕಾಲು ಮಡಿಸಿ, ಲಂಗದ ಹುಡುಗಿ ಕೂತಿದ್ದ ಹಾಗೇ ಕೂತಳು. ಚಿಕ್ಕಮ್ಮನಿಲ್ಲದೆ ಅವಳು ಬಾಯಿಬಿಟ್ಟು ಪ್ರಾರ್ಥನೆ ಮಾಡಿದವಳಲ್ಲ. ಮಾತು ತೊದಲಿತು.

"ಕರ್ತನೇ, ಒಳಗಿರೋದು ನಿನ್ನ ಕೈಯಲ್ಲಿರಲಿ. ನನ್ನ ಕೈ ನನ್ನ ಮಡಿಲಲ್ಲಿರಲಿ."

ಟಿಣ್.

ಒಳಗಿನಿಂದ, ನಿಚ್ಚಳವಾಗಿ. ಕನಸಲ್ಲ, ಕಪಾಟಿನ ಸದ್ದಲ್ಲ. ನಿಜವಾಗಿ ಏನೋ ಒಡೆದಿತ್ತು. ಅವಳ ಕೈ ಮಡಿಲಿನಿಂದ ತಾನಾಗಿ ಮೇಲೆದ್ದಿತು. ನೋಡಿದ್ಯಾ, ಹೇಳಿರಲಿಲ್ವಾ ಎಂದಿತು ದನಿ. ಈಗಂತೂ ಒಡೆದೇ ಹೋಗಿದೆ, ಇನ್ನು ಕಾದು ಏನು ಫಲ, ತೆಗಿ. ಅವಳು ಕೈಗಳನ್ನು ಒಂದರೊಳಗೊಂದು ಸಿಕ್ಕಿಸಿ ಉಗುರು ಚುಚ್ಚುವಷ್ಟು ಬಿಗಿಹಿಡಿದಳು. ಹೇಳಿದ ಮಾತನ್ನೇ ಮತ್ತೆ ಹೇಳಿದಳು. ಮತ್ತೆ ಹೇಳಿದಳು. ಸಮಾಧಾನವೇನೂ ಇಳಿದು ಬರಲಿಲ್ಲ. ಕಲ್ಲು ಮುಚ್ಚಿದ ಮರುದಿನ ಆ ಹೆಂಗಸರಿಗೂ ಬಂದಿರಲಿಕ್ಕಿಲ್ಲ ಎನ್ನಿಸಿತು. ಅವರಿಗೆ ಮುಂದಿನ ಹಾಳೆ ಗೊತ್ತಿರಲಿಲ್ಲ. ಆದರೂ ಕೂತಿದ್ದರು. ಅವಳೂ ಕೂತಳು. ಬಿಸಿಲಿನ ಕೋಲು ಭಟ್ಟಿಯನ್ನು ದಾಟಿ ಗೋಡೆ ಹತ್ತಿ, ಸಪ್ಪೆಯಾಗಿ, ಕಾಣದಾಯಿತು.

ಚಿಕ್ಕಮ್ಮ ಎಚ್ಚೆತ್ತು, ಅಯ್ಯೋ ಎಷ್ಟು ಹೊತ್ತಾಯ್ತೇ, ಎಬ್ಬಿಸಬಾರದಿತ್ತಾ ಎಂದಳು. ಇಬ್ಬರೂ ಬೀಗ ಹಾಕಿ, ಕೋಲೂರುತ್ತ, ನಿಲ್ಲುತ್ತ ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇಣುಕಮ್ಮ ಮೊದಲೇ ಬಂದು ಕೂತಿದ್ದಳು. ಸಮಾಧಿಯ ಕಲ್ಲು ಉರುಳಿ ಕರ್ತನು ಎದ್ದ ಭಾಗವನ್ನು ಓದಿದಳು. ಓದಿ, ಮೌನದಲ್ಲಿ ಕೂತು, ಆಮೇಲೆ ಕೆಲಸಕ್ಕೆ ಹೋದಳು.

ಭಟ್ಟಿಯ ಮುಂದೆ ಬಣ್ಣದಣ್ಣ ಬುಟ್ಟಿ ಹಿಡಿದು ನಿಂತಿದ್ದ. ಅವನಿಗೂ ಇವತ್ತು ತಮಾಷೆ ಹೊಳೆಯಲಿಲ್ಲ. ಇಣುಕಮ್ಮ ತಲೆ ಇಟ್ಟಿಗೆಗೆ ಕೈ ಹಾಕಹೋದಾಗ ಯಜಮಾನಿ, ತಡಿ ಎಂದು ಮುಂದೆ ಬಂದರು. ಪೊರೆಗಣ್ಣನ್ನು ಇಟ್ಟಿಗೆಯ ಹತ್ತಿರ ತಂದರು. ಆಮೇಲೆ ಕಣ್ಣನ್ನು ನಂಬದೆ, ಇಟ್ಟಿಗೆಯ ಸುತ್ತ ಮೆತ್ತಿದ ಮಣ್ಣಿನ ಮೇಲೆ ಹೆಬ್ಬೆರಳಿನ ಉಗುರನ್ನು ಎಳೆದರು. ಮೇಲಿನ ಸಂದಿ, ಬಲಗಡೆ, ಕೆಳಗೆ, ಎಡಗಡೆ. ಉರಿ ಕಂಡ ಮಣ್ಣು ಕೆಂಪಗೆ ಕಲ್ಲಾಗಿರುತ್ತದೆ. ಉರಿ ಆರಿದ ಮೇಲೆ ಮೆತ್ತಿದ್ದು ಬೂದು ಬಣ್ಣಕ್ಕೆ ಒಣಗಿ ಉಗುರಿಗೆ ಪುಡಿಪುಡಿಯಾಗುತ್ತದೆ. ಹಿಂದೆ ತಾನು ಮೆತ್ತಿದ್ದ ಮಣ್ಣು ಇಣುಕಮ್ಮನಿಗೆ ನೆನಪಾಯಿತು. ಇಬ್ಬರಿಗೂ ತಿಳಿಯುವ ವಿಷಯ ಅದು, ಇಬ್ಬರದೂ ಒಂದೇ ಕಸುಬು. ಆದರೂ ಹಿಂದಿನ ಸಲಗಳಲ್ಲಿ ಅವಳಿಗೆ ಹೊಳೆದಿರಲೇ ಇಲ್ಲ.

"ನಿಮಗೆ ಗೊತ್ತಿತ್ತಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದಳು.

"ಕಣ್ಣು ಹೋಗಿದೆ, ಉಗುರು ಹೋಗಿಲ್ಲ."

"ಗೊತ್ತಿದ್ದೂ ಯಾಕೆ ಕೊಟ್ರಿ?"

ಯಜಮಾನಿ ಇಟ್ಟಿಗೆಯ ಸುತ್ತ ಇನ್ನೊಂದು ಸಲ ಉಗುರೆಳೆದರು. ಪುಡಿ ಬೀಳಲಿಲ್ಲ. ಅವರು ಒಳಗೆ ಏನಿದೆ ಎಂದು ನೋಡುವ ಗೋಜಿಗೇ ಹೋಗದೆ ಸೊಂಟದಿಂದ ಬೀಗದಕೈ ತೆಗೆದರು.

"ಮೊದ್ಲು ಬಿಚ್ಚಿ ನೋಡಿ ಅಮ್ಮಾ" ಎಂದಳು ಇಣುಕಮ್ಮ. "ಒಳಗೆ ಏನೋ ಒಡೆದಿದೆ. ನಾನು ಕೇಳಿದೀನಿ."

ಇಟ್ಟಿಗೆಗಳು ಒಂದೊಂದಾಗಿ ಕೆಳಗಿಳಿದವು. ದೊಡ್ಡ ಬಟ್ಟಲೊಂದು ತನ್ನ ಬುಡದಿಂದ ಸೀಳಿ ಎರಡು ಹೋಳಾಗಿ ಬಿದ್ದಿತ್ತು. ಅಡಿ ದಪ್ಪವಾಗಿತ್ತು, ಸುಡುವ ಮೊದಲೇ ಇದ್ದ ದೋಷ. ಉಳಿದ ಬಟ್ಟಲುಗಳು, ಅಗಲದ ತಟ್ಟೆಗಳು, ಕಲ್ಲುಹಲಗೆಯ ಮೇಲೆ ಕಲ್ಲುಹಲಗೆ, ಬೆಳಗಿನ ಬೆಳಕಿಗೆ ಒದ್ದೆ ಕಣ್ಣಿನಂತೆ ಹೊಳೆಯುತ್ತ ಇದ್ದವು. ಬಣ್ಣದಣ್ಣ ಒಂದನ್ನು ಎತ್ತಿ ಬೆರಳಿನಿಂದ ಬಾರಿಸಿದ. ದನಿ ಉದ್ದವಾಗಿ, ತುಂ ಎಂದು ಬಂತು.

ಬೀಗದಕೈ ಈಗ ಅವಳ ಸೊಂಟದಲ್ಲಿದೆ. ಒಡೆದ ಬಟ್ಟಲನ್ನು ಅವಳು ಎಸೆಯಲಿಲ್ಲ, ಮನೆಗೆ ತಂದು ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟಳು. ಅವಳ ಬಾಳಿನಲ್ಲಿ ಅವಳ ಕೈಯಿಲ್ಲದೆ ಒಡೆದ ವಸ್ತು ಅದೊಂದೇ ಇದ್ದಿರಬೇಕು. ಕೆಲವು ಬೆಳಿಗ್ಗೆ, ಓದುತ್ತಿರುವಾಗಲೇ, ಹಿಂದಿನ ಕಪಾಟಿನಿಂದ ಟಿಣ್ ಎನ್ನುತ್ತದೆ. ಅವಳ ದನಿ ಒಂದು ಗಳಿಗೆ ನಿಲ್ಲುತ್ತದೆ. ಚಿಕ್ಕಮ್ಮ ಕಣ್ಣು ತೆರೆಯದೆ, ಮುಂದಕ್ಕೋದು ಎನ್ನುತ್ತಾಳೆ. ಅವಳು ಎದ್ದು ನೋಡುವುದಿಲ್ಲ. ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿಂದಲೇ ಓದುತ್ತಾಳೆ.